ಎರಡನೇ ಶಸ್ತ್ರಚಿಕಿತ್ಸೆಯ ಬಿಲ್ಲು ಯಾರ ಹೆಸರಿಗೆ?

ಸ್ತನದ ಗಾತ್ರ ಹೆಚ್ಚಿಸಿಕೊಳ್ಳುವ ಶಸ್ತ್ರಚಿಕಿತ್ಸೆಯ ಮಾತು ಬಂದಾಗಲೆಲ್ಲ ನಮ್ಮ ಅಂಕಣಕಾರರು ಎರಡು ಬಣವಾಗುತ್ತಾರೆ. ಅವಳ ದೇಹ, ಅವಳ ದುಡ್ಡು, ನಿಮಗೇನು ಕಷ್ಟ ಎನ್ನುವವರು ಒಂದು ಕಡೆ. ಸಿನಿಮಾ, ಇನ್‌ಸ್ಟಾಗ್ರಾಂ, ಪಾಶ್ಚಾತ್ಯ ವ್ಯಾಮೋಹ ಎಂದು ಹಲ್ಲು ಕಡಿಯುವವರು ಇನ್ನೊಂದು ಕಡೆ. ಈ ಎರಡನೇ ಬಣದವರ ಬರಹ ಸಾಮಾನ್ಯವಾಗಿ ‘ಹೆಣ್ಣು ಇದ್ದಂತೆಯೇ ಚೆಂದ’ ಎಂಬ ಆಶೀರ್ವಾದದಲ್ಲಿ ಮುಗಿಯುತ್ತದೆ. ಕನ್ನಡಿಯ ಮುಂದೆ ವರ್ಷಗಟ್ಟಲೆ ನಿಂತು ಯೋಚಿಸಿದವಳಿಗೆ ಈ ಆಶೀರ್ವಾದದಿಂದ ಆಗಬೇಕಾದ್ದೇನೂ ಇಲ್ಲ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಮಾಡಿಸಿಕೊಳ್ಳುವುದು ಬಿಡುವುದು ಅವಳಿಗೆ ಬಿಟ್ಟದ್ದು. ಆದರೆ ಎರಡನೇ ಶಸ್ತ್ರಚಿಕಿತ್ಸೆಗೂ ದುಡ್ಡು, ರಜೆ, ಧೈರ್ಯ ಎತ್ತಿಡಲು ಆಗದವಳು ಮೊದಲನೆಯದಕ್ಕೆ ಸಹಿ ಹಾಕಬಾರದು.

ಎರಡನೆಯದು ಎಲ್ಲಿಂದ ಬಂತು ಎಂದು ಹುಬ್ಬೇರಿಸುವವರಿಗಾಗಿಯೇ ಈ ಲೇಖನ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲಿ ಸ್ತನದೊಳಗೆ ಇಡುವ ಸಿಲಿಕೋನ್ ಇಂಪ್ಲಾಂಟ್‌ಗಳ ಬಗ್ಗೆ ಒಂದು ವರದಿ ಕೊಟ್ಟಿತು. ಅಂದಕ್ಕಾಗಿ ಹಾಕಿಸಿಕೊಂಡವರಲ್ಲಿ ಐವರಲ್ಲೊಬ್ಬರು ಹತ್ತು ವರ್ಷದೊಳಗೆ ಅದನ್ನು ತೆಗೆಸಬೇಕಾಗುತ್ತದೆ ಎಂದಿತ್ತು ಅದರಲ್ಲಿ. ಇದು ತೆಗೆಸಿದವರ ಲೆಕ್ಕ ಮಾತ್ರ. ತೆಗೆಸದಿದ್ದರೂ ಯಾವುದಾದರೊಂದು ಕಾರಣಕ್ಕೆ ಮತ್ತೆ ಆಪರೇಷನ್ ಟೇಬಲ್ ಹತ್ತಿದವರನ್ನೂ ಸೇರಿಸಿದರೆ ಸಂಖ್ಯೆ ಇನ್ನೂ ದೊಡ್ಡದು. ಇಂಪ್ಲಾಂಟ್ ತಯಾರಿಸುವ ಅಲರ್ಗಾನ್ ಕಂಪನಿಯ ಸ್ವಂತ ಹತ್ತು ವರ್ಷದ ಅಧ್ಯಯನದಲ್ಲಿ ಅದು ಶೇ 36. ಗಾತ್ರ ಹಿಡಿಸಲಿಲ್ಲವೆಂದು ಬದಲಿಸಿಕೊಂಡವರೂ ಇದರಲ್ಲಿ ಇದ್ದಾರೆ, ನಿಜ. ಅವರೂ ಅರಿವಳಿಕೆ ತೆಗೆದುಕೊಂಡೇ ಮಲಗಿದ್ದು.

ವೈದ್ಯರ ಕೈಚಳಕವೊಂದರಿಂದಲೇ ಇದನ್ನು ತಪ್ಪಿಸಲಾಗದು. ಹೊರಗಿನ ವಸ್ತು ಒಳಗೆ ಹೋದ ಕೂಡಲೇ ದೇಹ ಅದರ ಸುತ್ತ ಗಾಯದ ಅಂಗಾಂಶದ ಚೀಲವೊಂದನ್ನು ಹೆಣೆಯುತ್ತದೆ. ಎಲ್ಲರಲ್ಲೂ ಆಗುವ ಕ್ರಿಯೆ ಇದು, ರೋಗವೇನಲ್ಲ. ಕೆಲವರಲ್ಲಿ ಮಾತ್ರ ಆ ಚೀಲ ದಪ್ಪಗಾಗಿ ಬಿಗಿದುಕೊಳ್ಳುತ್ತಾ ಹೋಗುತ್ತದೆ. ಮೊದಲು ಮುಟ್ಟಿದರೆ ಗಟ್ಟಿ, ಆಮೇಲೆ ನೋಟಕ್ಕೂ ವಕ್ರ, ಕೊನೆಗೆ ಮಗ್ಗುಲಾಗಿ ಮಲಗಿದರೆ ನೋವು. ಯಾರಲ್ಲಿ ಹೀಗಾಗುತ್ತದೆ ಎಂದು ಮೊದಲೇ ಖಚಿತವಾಗಿ ಹೇಳಬಲ್ಲ ಪರೀಕ್ಷೆ ಇಲ್ಲ. ಇನ್ನು ಇಂಪ್ಲಾಂಟ್ ಒಡೆದರೆ ಗೊತ್ತಾಗುತ್ತದೆ ಎಂಬುದೂ ಭ್ರಮೆ. ಈಗಿನ ಜೆಲ್ ಅಂಟಂಟು, ಒಡೆದರೂ ಹರಿಯದೆ ಚೀಲದೊಳಗೇ ಕೂರುತ್ತದೆ. ಹೊತ್ತವಳಿಗೆ ಸುಳಿವೇ ಇರುವುದಿಲ್ಲ. ಹಾಗಾಗಿಯೇ ಐದಾರು ವರ್ಷಕ್ಕೆ ಮೊದಲ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಎಂಬುದು ಎಫ್‌ಡಿಎ ಶಿಫಾರಸು. ಇಪ್ಪತ್ತೆರಡಕ್ಕೆ ಹಾಕಿಸಿಕೊಂಡವಳು ಅರವತ್ತು ಮುಟ್ಟುವಷ್ಟರಲ್ಲಿ ಕಡಿಮೆಯೆಂದರೂ ಹನ್ನೊಂದು ಸ್ಕ್ಯಾನ್. ಈ ಹನ್ನೊಂದು ಯಾವ ಪ್ಯಾಕೇಜಿನಲ್ಲಿ ಸೇರಿದೆಯೋ ತೋರಿಸಿ. ಮದುವೆ ಸೀಸನ್ನಿಗೆ ಮುಂಚೆ ಬರುವ, ಬಡ್ಡಿಯಿಲ್ಲದ ಕಂತಿನ ಜಾಹೀರಾತುಗಳಲ್ಲಂತೂ ಇಲ್ಲ.

ದುಡ್ಡಿನ ವಿಚಾರಕ್ಕೆ ಬರೋಣ, ಏಕೆಂದರೆ ಮುಜುಗರ ಪಡದೆ ಮಾತಾಡಬೇಕಾದ್ದು ಅದನ್ನೇ. ಆಸ್ಪತ್ರೆಯ ಸೇವೆಗಳಿಗೆ ಜಿಎಸ್‌ಟಿ ವಿನಾಯಿತಿ ಇದೆ, ಸೌಂದರ್ಯ ಶಸ್ತ್ರಚಿಕಿತ್ಸೆಗೆ ಇಲ್ಲ. ಅಲ್ಲಿ ಶೇ 18. ಆರೋಗ್ಯ ವಿಮೆಯಲ್ಲೂ ಇದೇ ಗೆರೆ. ವಿಮಾ ನಿಯಂತ್ರಣ ಪ್ರಾಧಿಕಾರದ ಮಾದರಿ ಷರತ್ತಿನ ಪ್ರಕಾರ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುರಚನೆಗೆ ಅಥವಾ ವೈದ್ಯಕೀಯವಾಗಿ ಅನಿವಾರ್ಯವಾದದ್ದಕ್ಕೆ ರಕ್ಷಣೆ ಉಂಟು, ರೂಪ ಬದಲಿಸಿಕೊಳ್ಳುವುದಕ್ಕೆ ಇಲ್ಲ. ಸ್ತನ ತೆಗೆಸಿಕೊಂಡ ಕ್ಯಾನ್ಸರ್ ರೋಗಿಯನ್ನು ಈ ಚರ್ಚೆಗೆ ಎಳೆದು ತರುವವರಿಗೆ ಇಷ್ಟು ಸಾಕು: ಆಕೆಯದು ಬೇರೆ ದಾರಿ, ಬೇರೆ ತೂಕ, ಕಾನೂನೂ ಬೇರೆ. ಅಂದಕ್ಕಾಗಿ ಹಾಕಿಸಿಕೊಂಡವಳಿಗೆ ಹತ್ತು ವರ್ಷದ ನಂತರ ಚೀಲ ಬಿಗಿದರೆ, ಅದು ಹಳೆಯ ಸೌಂದರ್ಯ ಚಿಕಿತ್ಸೆಯ ತೊಡಕೋ ಹೊಸ ಕಾಯಿಲೆಯೋ ಎಂದು ವಿಮಾ ಕಂಪನಿಯ ಜೊತೆ ಗುದ್ದಾಡಬೇಕಾದವಳು ಅವಳೇ.

ಇದೆಲ್ಲ ಊಹೆಯ ಮಾತಲ್ಲ, ಆಗಿಹೋದ ಕಥೆ. ದಕ್ಷಿಣ ಫ್ರಾನ್ಸಿನ ಪಿಐಪಿ ಕಂಪನಿ ವೈದ್ಯಕೀಯ ದರ್ಜೆಯ ಸಿಲಿಕೋನ್ ಬದಲು ಕೈಗಾರಿಕೆಗೆ ಬಳಸುವ ಅಗ್ಗದ ಸಿಲಿಕೋನ್ ತುಂಬಿ ಅರವತ್ತಕ್ಕೂ ಹೆಚ್ಚು ದೇಶಗಳಿಗೆ ಮಾರಿತ್ತು. 2010ರಲ್ಲಿ ಸಿಕ್ಕಿಬಿತ್ತು, ಕಂಪನಿ ಮುಳುಗಿತು, ಸ್ಥಾಪಕ ಝಾಂ ಕ್ಲೋದ್ ಮಾಸ್‌ಗೆ 2013ರಲ್ಲಿ ನಾಲ್ಕು ವರ್ಷ ಜೈಲು ಶಿಕ್ಷೆಯಾಯಿತು. ಈ ವಂಚನೆಯ ಭಾಗವನ್ನು ಎಲ್ಲರೂ ಬರೆದರು. ನಂತರದ್ದನ್ನು ಓದಿದವರು ಕಡಿಮೆ. 2011ರ ಡಿಸೆಂಬರ್‌ನಲ್ಲಿ ಫ್ರೆಂಚ್ ಸರ್ಕಾರ ತನ್ನ ಸುಮಾರು 30 ಸಾವಿರ ಮಹಿಳೆಯರಿಗೆ ಇಂಪ್ಲಾಂಟ್ ತೆಗೆಸಿಕೊಳ್ಳಿ ಎಂದಿತು, ಖರ್ಚು ತನ್ನದೆಂದಿತು. ಆದರೆ ಹೊಸದನ್ನು ಹಾಕಿಸುವ ಖರ್ಚು ಕೊಟ್ಟದ್ದು ಕ್ಯಾನ್ಸರ್ ರೋಗಿಗಳಿಗೆ ಮಾತ್ರ. ಇಂಗ್ಲೆಂಡಿನಲ್ಲಿ ಹೆಚ್ಚಿನವರು ಖಾಸಗಿ ಕ್ಲಿನಿಕ್ಕುಗಳಲ್ಲಿ ಹಾಕಿಸಿಕೊಂಡವರು. ಕೆಲವು ಕ್ಲಿನಿಕ್ಕುಗಳು ಕೈಯೆತ್ತಿದವು, ಕೆಲವು ಅಷ್ಟರಲ್ಲಿ ಬಾಗಿಲನ್ನೇ ಹಾಕಿದ್ದವು. ಸರ್ಕಾರಿ ಆರೋಗ್ಯ ಸೇವೆ ಅಂಥವರಿಗೆ ತೆಗೆದುಕೊಡುತ್ತೇವೆ, ಬದಲಿ ಹಾಕುವುದಿಲ್ಲ ಎಂದಿತು. ಹಿಗ್ಗಿದ ಚರ್ಮ ಜೋತುಬಿದ್ದ ಹಾಗೇ ಮನೆಗೆ ಹೋಗಬೇಕಾದ ಸ್ಥಿತಿ. ಪಕ್ಕದ ವೇಲ್ಸ್ ಸರ್ಕಾರ ಬದಲಿಯನ್ನೂ ಕೊಡಲು ಒಪ್ಪಿತು. ಅಂದರೆ ಯಾವ ಹೆಂಗಸಿಗೆ ಏನು ಸಿಕ್ಕಿತು ಎಂಬುದು ಅವಳ ಪಿನ್‌ಕೋಡ್ ಮೇಲೆ ನಿಂತಿತ್ತು. ಎಲ್ಲರಿಗೂ ಸರ್ಕಾರಿ ಆರೋಗ್ಯ ರಕ್ಷಣೆ ಇರುವ ದೇಶಗಳ ಪಾಡು ಇದು. ನಮ್ಮಲ್ಲಾಗಿದ್ದರೆ?

ನಮ್ಮ ನೆರೆಯಲ್ಲೇ ಇನ್ನೊಂದು ಪ್ರಯೋಗ ನಡೆದಿದೆ. 2018ರಲ್ಲಿ ತಮಿಳುನಾಡು ಸರ್ಕಾರ ಚೆನ್ನೈನ ಸ್ಟ್ಯಾನ್ಲಿ ವೈದ್ಯಕೀಯ ಕಾಲೇಜಿನಲ್ಲಿ ಬಡವರಿಗೆ ಸ್ತನ ಶಸ್ತ್ರಚಿಕಿತ್ಸೆ ಉಚಿತ ಎಂದಿತು. ಸೌಂದರ್ಯ ಚಿಕಿತ್ಸೆ ಬಡವರಿಗೇಕೆ ಸಿಗಬಾರದು ಎಂಬುದು ಸಚಿವರ ವಾದವಾಗಿತ್ತು. ಇದು ಬೇಕಿತ್ತೇ ಎಂದು ಟೀಕಾಕಾರರು ಮುಗಿಬಿದ್ದರು. ಸಚಿವರ ಪ್ರಶ್ನೆಯಲ್ಲಿ ತಪ್ಪಿಲ್ಲ ಎಂದೇ ನನ್ನ ಅಭಿಪ್ರಾಯ. ಬಡವಳಿಗೂ ಕನ್ನಡಿ ಇದೆ. ಆ ಗದ್ದಲದಲ್ಲಿ ಕೇಳಬೇಕಿದ್ದದ್ದು ಬೇರೆ: ಹತ್ತು ವರ್ಷದ ನಂತರ ಬದಲಿಸುವುದೂ ಉಚಿತವೇ? ಸ್ಕ್ಯಾನೂ ಉಚಿತವೇ? ಸಾರ್ವಜನಿಕ ಆಸ್ಪತ್ರೆಯಾದರೆ ಕನಿಷ್ಠ ಹೋಗಿ ಬಾಗಿಲು ತಟ್ಟಬಹುದು ಎಂಬುದಷ್ಟೇ ಸಮಾಧಾನ.

ಹಾಕಿಸಿಕೊಂಡವರಲ್ಲಿ ಬಹುತೇಕರು ಖುಷಿಯಾಗಿದ್ದಾರಲ್ಲ ಎಂದು ಪ್ಲಾಸ್ಟಿಕ್ ಸರ್ಜನ್ನರು ಹೇಳುತ್ತಾರೆ. ಒಪ್ಪಿದೆ, ಅಧ್ಯಯನಗಳೂ ಅದನ್ನೇ ಹೇಳುತ್ತವೆ. ಹಳೆಯ ಭಯಗಳಲ್ಲಿ ಕೆಲವು ಪೊಳ್ಳಾಗಿದ್ದೂ ಹೌದು. ಸಿಲಿಕೋನ್‌ನಿಂದ ಸಂಧಿವಾತದಂಥ ಕಾಯಿಲೆ ಬರುತ್ತದೆಂದು ಅಮೆರಿಕದಲ್ಲಿ ಮೊಕದ್ದಮೆಗಳ ಮಳೆ ಸುರಿದು 1995ರಲ್ಲಿ ಇಂಪ್ಲಾಂಟ್ ತಯಾರಿಸುತ್ತಿದ್ದ ಡೌ ಕಾರ್ನಿಂಗ್ ಕಂಪನಿ ದಿವಾಳಿ ಅರ್ಜಿ ಹಾಕಿತು. ನಾಲ್ಕು ವರ್ಷದ ಬಳಿಕ ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್, ಅಂಥ ನಂಟಿಗೆ ಪುರಾವೆ ಇಲ್ಲ ಎಂದಿತು. ಅದೇ ವರದಿ ಇನ್ನೊಂದನ್ನೂ ಹೇಳಿತ್ತು: ನಿಜವಾದ ತೊಂದರೆ ಇರುವುದು ಇಂಪ್ಲಾಂಟ್ ಕೂತ ಜಾಗದಲ್ಲೇ, ಚೀಲ ಬಿಗಿಯುವುದರಲ್ಲಿ, ಒಡೆಯುವುದರಲ್ಲಿ, ಮರುಶಸ್ತ್ರಚಿಕಿತ್ಸೆಯಲ್ಲಿ. ಮೊದಲ ವಾಕ್ಯವನ್ನು ಜಾಹೀರಾತಿನವರು ಬಾಯಿಪಾಠ ಮಾಡಿದರು. ಎರಡನೆಯದನ್ನು ಓದಲೇ ಇಲ್ಲ.

ಆಯ್ಕೆ ಅವಳದು ಎನ್ನುವ ನನ್ನಂಥವರೇ ಮೊದಲು ದನಿ ಎತ್ತಬೇಕಾದ್ದು ಸಹಿ ಹಾಕಿಸಿಕೊಳ್ಳುವ ರೀತಿಯ ಬಗ್ಗೆ. ಆಪರೇಷನ್ ದಿನ ಬೆಳಿಗ್ಗೆ, ಹೊಟ್ಟೆ ಖಾಲಿ, ಮೈಮೇಲೆ ಆಸ್ಪತ್ರೆಯ ಗೌನು, ಕೈಗೆ ಇಂಗ್ಲಿಷಿನ ನಾಲ್ಕು ಹಾಳೆ. ‘ಇಲ್ಲಿ, ಇಲ್ಲಿ, ಇಲ್ಲಿ ಸೈನ್ ಮಾಡಿ ಮೇಡಂ.’ ಪ್ರತಿ ಇಂಪ್ಲಾಂಟ್ ಜೊತೆಗೂ ಲಾಟ್ ನಂಬರಿನ ಅಂಟುಚೀಟಿ ಬರುತ್ತದೆ. ಅದರಲ್ಲೊಂದು ಅವಳ ಕಾರ್ಡಿಗೆ ಅಂಟಬೇಕು. ಕೇಸ್‌ಶೀಟಿಗಷ್ಟೇ ಅಂಟಿಸಿ ಕಪಾಟು ಸೇರಿಸಿದರೆ ಕಥೆ ಮುಗಿಯಿತು. 2019ರ ಜುಲೈನಲ್ಲಿ ಅಲರ್ಗಾನ್ ತನ್ನ ಬಯೋಸೆಲ್ ಎಂಬ ಒರಟು ಮೇಲ್ಮೈನ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ಹಿಂಪಡೆಯಿತು. ಅಪರೂಪದ ಲಿಂಫೋಮಾ ಕ್ಯಾನ್ಸರ್ ಕಾರಣ. ಆ ಹೊತ್ತಿಗೆ ಎಫ್‌ಡಿಎ ಲೆಕ್ಕದಲ್ಲಿ 573 ಪ್ರಕರಣ, 33 ಸಾವು. ಅಪಾಯ ಸಣ್ಣದು, ಗಾಬರಿ ಬೇಕಿಲ್ಲ. ಆದರೆ ತನ್ನೊಳಗಿರುವುದು ಯಾವ ಕಂಪನಿಯದು, ನುಣುಪೋ ಒರಟೋ ಎಂದು ಗೊತ್ತಿಲ್ಲದವಳು ಆ ಸುದ್ದಿ ಓದಿ ಮಾಡುವುದೇನು?

ಎಫ್‌ಡಿಎ 2021ರಲ್ಲಿ ಕಟ್ಟುನಿಟ್ಟು ಮಾಡಿತು: ಅಪಾಯಗಳ ಪಟ್ಟಿಯನ್ನು ಒಂದೊಂದಾಗಿ ಓದಿಸಿ ರೋಗಿಯ ಸಹಿ ಪಡೆಯದ ವೈದ್ಯರಿಗೆ ಕಂಪನಿಗಳು ಇಂಪ್ಲಾಂಟ್ ಮಾರುವಂತಿಲ್ಲ. ಇವು ಜೀವನಪೂರ್ತಿ ಬಾಳುವ ಸಾಧನಗಳಲ್ಲ ಎಂಬುದೂ ಆ ಎಚ್ಚರಿಕೆಯಲ್ಲಿದೆ. ಇಂಥ ನಿಯಮಕ್ಕಾಗಿ ನಮಗೆ ದಿಲ್ಲಿಯವರೆಗೆ ಹೋಗುವ ಅಗತ್ಯವಿಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ರಾಜ್ಯದ್ದೇ, ಅದರಲ್ಲಿ ರೋಗಿಗಳ ಹಕ್ಕುಪತ್ರವೂ ಇದೆ. 2022ರಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ಕಿರುತೆರೆಯ ಯುವ ನಟಿಯೊಬ್ಬರು ತೀರಿಕೊಂಡಾಗ ಪರವಾನಗಿ, ತಪಾಸಣೆ ಎಂದೆಲ್ಲ ಕೆಲವು ದಿನ ಸದ್ದಾಗಿ ತಣ್ಣಗಾಯಿತು. ಈ ಸಲ ಸಾವಿಗೆ ಕಾಯುವುದು ಬೇಡ. ಕನ್ನಡದಲ್ಲಿ ಎರಡು ಪುಟದ ಒಂದು ಪತ್ರ, ಅದರಲ್ಲಿ ಐವರಲ್ಲೊಬ್ಬರ ಲೆಕ್ಕ ದಪ್ಪ ಅಕ್ಷರದಲ್ಲಿ. ತೆಗೆಸುವುದಕ್ಕೆ ಮತ್ತು ಬದಲಿಸುವುದಕ್ಕೆ ಇವತ್ತಿನ ದರ ಎಷ್ಟು ಎಂಬುದು ಅದರ ಕೆಳಗೆ. ಶಸ್ತ್ರಚಿಕಿತ್ಸೆಗೆ ಎರಡು ವಾರ ಮೊದಲೇ ಅದು ಅವಳ ಕೈಸೇರಿರಬೇಕು, ಮನೆಗೆ ಹೊರಡುವಾಗ ಲಾಟ್ ನಂಬರಿನ ಕಾರ್ಡ್ ಅವಳ ಚೀಲದಲ್ಲಿರಬೇಕು. ಇದಕ್ಕೆ ಹೊಸ ಕಾಯ್ದೆ ಬೇಕು, ಸಮಿತಿ ಬೇಕು ಎಂದು ಆರೋಗ್ಯ ಇಲಾಖೆ ರಾಗ ಎಳೆದರೆ ನಂಬಬೇಡಿ. ಒಂದು ಸುತ್ತೋಲೆಯಿಂದ ಶುರು ಮಾಡಬಹುದಾದ ಕೆಲಸ ಅದು.