ನೆಟ್ಟಗೆ ನಿಲ್ಲು ಅನ್ನುವ ಮುಂಚೆ ಚೀಲ ತೂಗಿ

ಅಸೆಂಬ್ಲಿಯಲ್ಲಿ ‘ನೆಟ್ಟಗೆ ನಿಲ್ಲು, ಬೆನ್ನು ಬಗ್ಗಿಸಬೇಡ’ ಎಂದು ಮಕ್ಕಳನ್ನು ಗದರಿಸುವವರಿಗೆ ನಮ್ಮದೊಂದು ಪ್ರಶ್ನೆ. ಆ ಮಗು ಹೊತ್ತು ತಂದ ಚೀಲವನ್ನು ಒಮ್ಮೆಯಾದರೂ ಎತ್ತಿ ನೋಡಿದ್ದೀರಾ?

ಆರ್.ಕೆ. ನಾರಾಯಣ್ ರಾಜ್ಯಸಭೆಯಲ್ಲಿ ಈ ಹೊರೆಯ ಬಗ್ಗೆ ಮಾತಾಡಿದ್ದು 1989ರಲ್ಲಿ. ಯಶ್‌ಪಾಲ್ ಸಮಿತಿ ವರದಿ ಕೊಟ್ಟದ್ದು 1993ರಲ್ಲಿ. ಕೇಂದ್ರದ ಶಾಲಾ ಚೀಲ ನೀತಿ ಬಂದದ್ದು 2020ರಲ್ಲಿ. ಚೀಲ ಮಗುವಿನ ತೂಕದ ಹತ್ತನೇ ಒಂದು ಪಾಲು ಮೀರಬಾರದು ಎನ್ನುತ್ತದೆ ಅದು. ಒಂದು, ಎರಡನೇ ತರಗತಿಗೆ 1.6ರಿಂದ 2.2 ಕಿಲೋ, ಹತ್ತನೆಯದಕ್ಕೆ 2.5ರಿಂದ 4.5 ಕಿಲೋ. ಶಾಲೆಯಲ್ಲಿ ತೂಕದ ಯಂತ್ರ ಇರಬೇಕು, ಆಗಾಗ ತೂಗಬೇಕು ಎಂದೂ ಇದೆ. ಮಗುವಿನ ತೂಕ ನಮ್ಮ ರಿಜಿಸ್ಟರಿನಲ್ಲಿದೆ. ಚೀಲದ ತೂಕ ಯಾವ ರಿಜಿಸ್ಟರಿನಲ್ಲಿದೆ ಸ್ವಾಮಿ?

‘ನಾವೂ ಹೊತ್ತೇ ಬೆಳೆದವರು, ನಮಗೇನಾಯಿತು?’ ಎನ್ನುವ ಹಿರಿಯರಿದ್ದಾರೆ. ನೀವು ಹೊತ್ತದ್ದು ಒಂದು ಸ್ಲೇಟು, ಬಟ್ಟೆ ಚೀಲದಲ್ಲಿ ನಾಲ್ಕು ಪುಸ್ತಕ. ಇಂದಿನ ಮಗು ಪಠ್ಯದ ಜೊತೆ ಗೈಡು, 200 ಪುಟದ ನೋಟ್ ಪುಸ್ತಕಗಳು, ಟಿಫಿನ್, ಕೊಡೆ ಎಲ್ಲ ಹೊರುತ್ತದೆ. ಒಂದು ಲೀಟರ್ ನೀರೇ ಒಂದು ಕಿಲೋ! ಒಂದನೇ ತರಗತಿಯ ಮಿತಿಯ ಅರ್ಧದಷ್ಟು ಅಲ್ಲಿಗೇ ಮುಗಿಯಿತು. ಶಾಲೆಯಲ್ಲಿ ಕುಡಿಯಲು ಒಳ್ಳೆಯ ನೀರಿದ್ದರೆ ಖಾಲಿ ಬಾಟಲಿ ಸಾಕು.

ನಮ್ಮ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಶಾಲೆ ಎಲ್ಲರ ಮನೆ ಬಾಗಿಲಲ್ಲಿಲ್ಲ. ಗುಡ್ಡ ಇಳಿದು, ತೋಡು ದಾಟಿ, ರಸ್ತೆಗೆ ಬಂದು ಬಸ್ಸು ಹಿಡಿಯಬೇಕು. ಕನ್ಸೆಶನ್ ಮಕ್ಕಳಿಗೆ ಸೀಟು ಎಲ್ಲಿಯದು? ಒಂದು ಕೈಯಲ್ಲಿ ಕಂಬಿ, ಒಂದೇ ಹೆಗಲಲ್ಲಿ ಚೀಲ. ದೇಹ ಒಂದು ಕಡೆ ವಾಲುತ್ತದೆ. ಪಟ್ಟಿ ಉದ್ದ ಬಿಟ್ಟು ಚೀಲ ಸೊಂಟದ ಕೆಳಗೆ ನೇತಾಡಿದರೆ, ಹಿಂದೆ ಬೀಳದಿರಲು ಮಗು ಮುಂದಕ್ಕೆ ಬಗ್ಗಲೇಬೇಕು. ಅದು ಅಶಿಸ್ತಲ್ಲ. ಮಳೆಗಾಲದಲ್ಲಿ ನೆನೆದ ಚೀಲದ ಭಾರ ಬೇರೆ.

ಚೀಲದಿಂದ ಬೆನ್ನೆಲುಬು ಶಾಶ್ವತವಾಗಿ ಡೊಂಕಾಗುತ್ತದೆ ಎಂದು ಹೆದರಿಸುವವರ ಜೊತೆ ನಾವಿಲ್ಲ. ಅದಕ್ಕೆ ಗಟ್ಟಿ ಆಧಾರವಿಲ್ಲ. ಆದರೆ ಹೆಗಲು ನೋವು, ಸೊಂಟ ನೋವು ಎಂದು ಮಗು ಅಳುವುದು ಸಾಲದೇ?

ಎರಡೂ ಪಟ್ಟಿ ಹಾಕಿಕೊಳ್ಳಲಿ, ದಪ್ಪ ಪುಸ್ತಕ ಬೆನ್ನಿಗೆ ತಾಗಿ ಇರಲಿ. ಇದನ್ನು ಮಕ್ಕಳಿಗೆ ಹೇಳಿಕೊಡೋಣ, ಸರಿ. ಆದರೆ ಟೈಂಟೇಬಲ್ ಬದಲಿಸುವುದು ಮಕ್ಕಳ ಕೈಯಲ್ಲಿಲ್ಲ. ದಿನಕ್ಕೆ ಎಂಟು ವಿಷಯದ ಪುಸ್ತಕ ತರಿಸುವುದು ಯಾಕೆ? ಪಠ್ಯವನ್ನು ಭಾಗ ಮಾಡಿ ಅಚ್ಚು ಹಾಕಿದರೂ ಎಲ್ಲ ಭಾಗ ಒಟ್ಟಿಗೆ ಹೊರಿಸಿದರೆ ಏನು ಲಾಭ? ಹಳೆಯ ಪುಸ್ತಕಗಳನ್ನು ತರಗತಿಯ ಕಪಾಟಿನಲ್ಲಿಟ್ಟು ಮಕ್ಕಳಿಗೆ ಕೊಡಬಹುದಲ್ಲ? ಇದಕ್ಕೆ ತಿರುವನಂತಪುರದ ಆದೇಶ ಬೇಡ, ಸ್ಟಾಫ್ ಮೀಟಿಂಗಿನಲ್ಲಿ ಅರ್ಧ ಗಂಟೆ ಸಾಕು.

ಪೋಷಕರೇ, ಮುಂದಿನ ಪಿ.ಟಿ.ಎ. ಸಭೆಗೆ ಬರುವಾಗ ನಿಮ್ಮ ಮಗುವಿನ ಚೀಲವನ್ನು ಅದು ದಿನಾ ತರುವ ಹಾಗೆಯೇ ತುಂಬಿಸಿ ತನ್ನಿ. ದಾರಿಯುದ್ದಕ್ಕೂ ನೀವೇ ಹೊತ್ತು ಬನ್ನಿ. ತೂಕದ ಯಂತ್ರವನ್ನು ಹೆಡ್‌ಮಾಸ್ಟರರ ಮೇಜಿನ ಪಕ್ಕದಲ್ಲೇ ಇಡೋಣ.