ಮುದ್ರೆಗಾಗಿ ಒಂದು ಸಮುದ್ರಯಾನ

ವೀಸಾ ಎಂಬ ಮಾತು ಇಂದು ನಮ್ಮ ಹಳ್ಳಿಮನೆಗಳ ಪಡಸಾಲೆಗೂ ಬಂದಿದೆ. ಮಗನಿಗೆ ಸಿಕ್ಕಿತು, ಸೊಸೆಗೆ ಇನ್ನೂ ಸಿಕ್ಕಿಲ್ಲ ಎಂಬ ಸಂಭಾಷಣೆ ಮದುವೆಯ ಪಂಕ್ತಿಯಲ್ಲಿಯೂ ಕೇಳಿಬರುತ್ತದೆ. ಆದರೆ ಪಾಸ್‌ಪೋರ್ಟಿನ ಮೇಲೆ ಬೀಳುವ ಒಂದು ಮುದ್ರೆಗಾಗಿಯೇ ದೋಣಿಯೇರಿ ಪರದೇಶಕ್ಕೆ ಹೋಗಿ, ಅಲ್ಲಿ ಚಹಾ ಆರುವುದರೊಳಗಾಗಿ ಹಿಂದಿರುಗುವ ಯಾತ್ರೆಯೊಂದುಂಟೆಂದರೆ ಓದುಗ ಬಂಧುಗಳು ನಂಬಲಿಕ್ಕಿಲ್ಲ. ಇದಕ್ಕೆ 'ವೀಸಾ ರನ್' ಎಂದು ಹೆಸರು.

ಥೈಲ್ಯಾಂಡಿನಲ್ಲಿ ಹಲವು ಶ್ರೀಮಂತ ದೇಶಗಳ ಪ್ರವಾಸಿಗಳಿಗೆ ವೀಸಾ ಇಲ್ಲದೆಯೇ ಕೆಲವು ವಾರ ತಂಗಲು ಅವಕಾಶವಿತ್ತು. ಅವಧಿ ಮುಗಿದೊಡನೆ ದೇಶ ಬಿಡಬೇಕೆಂಬುದು ನಿಯಮ. ಬಿಟ್ಟವನು ಅದೇ ದಿನ ಮರಳಬಾರದೆಂದು ಮಾತ್ರ ನಿಯಮ ಹೇಳಿರಲಿಲ್ಲ! ಆದ್ದರಿಂದ ಸಮುದ್ರತೀರದ ಊರುಗಳಲ್ಲಿ ವರ್ಷಗಟ್ಟಲೆ ನೆಲೆಸಿದ್ದ ಬಿಳಿಯರು ತಿಂಗಳಿಗೊಮ್ಮೆ ಗಡಿಯ ಕಡೆಗೆ ಹೊರಡುತ್ತಿದ್ದರು. ನಮ್ಮ ದೇಶದವರಿಗೆ 2023ರ ನವೆಂಬರಿನವರೆಗೆ ಈ ವಿನಾಯಿತಿ ದೊರೆತಿರಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಅಂಥವರು ಬಂದು ಸೇರುತ್ತಿದ್ದ ಊರುಗಳಲ್ಲಿ ರನೋಂಗ್ ಒಂದು. ಒಂದು ಕಾಲಕ್ಕೆ ತವರದ ಗಣಿಗಳಿಂದ ಬಾಳಿದ ಈ ಊರು ಆ ದೇಶದಲ್ಲಿಯೇ ಅತಿ ಹೆಚ್ಚು ಮಳೆ ಬೀಳುವ ಪ್ರಾಂತ. ನಮ್ಮ ಆಗುಂಬೆಯ ನೆನಪಾಗುತ್ತದೆ. ಕ್ರಾಬುರಿ ನದಿಯ ಅಳಿವೆಯ ಈಚೆ ದಡದಲ್ಲಿ ರನೋಂಗ್, ಆಚೆ ದಡದಲ್ಲಿ ಬರ್ಮಾ ದೇಶದ ದಕ್ಷಿಣದ ತುದಿಯಾದ ಕಾಥೌಂಗ್. ಬ್ರಿಟಿಷರು ಇದನ್ನು ವಿಕ್ಟೋರಿಯಾ ಪಾಯಿಂಟ್ ಎಂದು ಕರೆದರು. 1941ರ ಡಿಸೆಂಬರಿನಲ್ಲಿ ಜಪಾನೀ ಸೇನೆ ಬರ್ಮಾದಲ್ಲಿ ಮೊದಲು ಹಿಡಿದದ್ದು ಈ ಊರನ್ನೇ.

ಮೀನಿನ ವಾಸನೆ ತುಂಬಿದ ಧಕ್ಕೆಯಲ್ಲಿ ಥಾಯ್ ಅಧಿಕಾರಿ ನಿರ್ಗಮನದ ಮುದ್ರೆಯೊತ್ತುತ್ತಾನೆ. ಹೊರಗೆ ಬರ್ಮೀ ಹುಡುಗರು ಪ್ರವಾಸಿಯನ್ನು ಸುತ್ತುವರಿದು ತಮ್ಮ ತಮ್ಮ ದೋಣಿಗೆ ಕರೆಯುತ್ತಾರೆ. ದೋಣಿಯ ಹಿಂಬದಿಯಲ್ಲಿ ವಾಹನದ ಎಂಜಿನ್ನನ್ನು ಕೂರಿಸಿ, ಉದ್ದನೆಯ ಕಬ್ಬಿಣದ ದಂಡದ ತುದಿಗೆ ನೀರು ಕಡೆಯುವ ಚಕ್ರವನ್ನು ಜೋಡಿಸಿರುತ್ತಾರೆ. ಅದರ ಆರ್ಭಟದಲ್ಲಿ ಪಕ್ಕದವನ ಮಾತೂ ಕೇಳಿಸದು. ಅರ್ಧ ಗಂಟೆಯ ದಾರಿ. ವಿನೋದವೆಂದರೆ, ಬರ್ಮಾದ ಗಡಿಯಾರ ಥೈಲ್ಯಾಂಡಿನದಕ್ಕಿಂತ ಅರ್ಧ ಗಂಟೆ ಹಿಂದೆ. ಹೀಗಾಗಿ ಹೊರಟ ಹೊತ್ತಿಗೇ ಹೋಗಿ ತಲುಪಿದಂತಾಗುತ್ತದೆ.

ಆಚೆ ದಡದ ಕಚೇರಿಯಲ್ಲಿ ಹತ್ತು ಡಾಲರಿನ ನೋಟನ್ನು ಕೊಡಬೇಕಾಗಿತ್ತು. ನೋಟು ಗರಿಗರಿಯಾಗಿರಬೇಕು, ಮಡಿಕೆ ಬಿದ್ದಿದ್ದರೆ ತಿರಸ್ಕಾರ. ಮದುವೆಯ ಮುಯ್ಯಿಗೆ ಹೊಸ ನೋಟು ಹುಡುಕುವ ನಮ್ಮ ಹಿರಿಯರೂ ಇಷ್ಟು ಕಟ್ಟುನಿಟ್ಟಿನವರಲ್ಲ. ಮುದ್ರೆ ಬಿದ್ದಿತೆಂದರೆ ಬಂದ ಕಾರ್ಯ ಮುಗಿಯಿತು. ಬಹುಪಾಲು ಜನ ಬಂದ ದೋಣಿಯಲ್ಲಿಯೇ ಹಿಂದಿರುಗುತ್ತಿದ್ದರು. ಊರನ್ನು ನೋಡದೆ ಹೋದದ್ದು ಅವರಿಗೇ ನಷ್ಟವೆಂದು ನನ್ನ ಅಭಿಪ್ರಾಯ. ಗುಡ್ಡದ ಮೇಲೆ ಹೊಳೆಯುವ ಪಗೋಡ, ಕೆನ್ನೆಗೆ ತನಖಾ ಮರದ ತೊಗಟೆಯನ್ನು ತೇಯ್ದು ಗಂಧದಂತೆ ಲೇಪಿಸಿಕೊಂಡ ಹೆಂಗಸರು, ಲುಂಗಿಯುಟ್ಟ ಗಂಡಸರು, ಎಲೆಗೆ ಸುಣ್ಣ ಹಚ್ಚಿ ಅಡಿಕೆಯಿಟ್ಟು ಮಡಿಸಿಕೊಡುವ ಅಂಗಡಿಗಳು. ನಮ್ಮವರಿಗೆ ಪರಕೀಯವೆನಿಸುವ ಊರಲ್ಲ. ಸಮುದ್ರದಂಚಿನಲ್ಲಿ ಬಯಿನ್ನಾಂಗ್ ಎಂಬ ಅರಸನ ಪ್ರತಿಮೆಯಿದೆ. 1569ರಲ್ಲಿ ಥಾಯ್ ಜನರ ರಾಜಧಾನಿ ಅಯುತ್ಥಯವನ್ನು ಗೆದ್ದವನು ಇವನೇ.

ಆ ವಿಜಯಿಯ ನಾಡಿನ ಮಕ್ಕಳು ಇಂದು ಕೂಲಿಗಾಗಿ ಅದೇ ನೀರನ್ನು ದಾಟುತ್ತಾರೆ. ರನೋಂಗಿನ ಮೀನು ಸಂಸ್ಕರಣೆಯ ಕೆಲಸ, ದೋಣಿಗಳ ದುಡಿಮೆ, ಕಟ್ಟಡದ ಕೆಲಸ ಬಹುಮಟ್ಟಿಗೆ ನಡೆಯುತ್ತಿರುವುದು ಬರ್ಮೀಯರಿಂದಲೇ. ಇವರಲ್ಲಿ ಅನೇಕರ ಬಳಿ ಗರಿಗರಿ ನೋಟಿರಲಿ, ಪಾಸ್‌ಪೋರ್ಟೇ ಇರುವುದಿಲ್ಲ. 2008ರ ಏಪ್ರಿಲಿನಲ್ಲಿ ಹೀಗೆ ದಾಟಿ ಬಂದ 121 ಜನರನ್ನು ಮೀನು ಸಾಗಿಸುವ ಶೀತಲ ಲಾರಿಯ ಪೆಟ್ಟಿಗೆಯೊಳಗೆ ತುಂಬಿ, ಫುಕೆಟ್ ದ್ವೀಪದ ಕಡೆಗೆ ಗುಟ್ಟಾಗಿ ಒಯ್ಯಲಾಗುತ್ತಿತ್ತು. ಗಾಳಿಯ ಯಂತ್ರ ನಿಂತಿತು. ಒಳಗಿನವರು ಗೋಡೆ ಬಡಿದರು. ಬಾಗಿಲು ತೆರೆಯುವ ಹೊತ್ತಿಗೆ 54 ಜನ ಉಸಿರುಗಟ್ಟಿ ಸತ್ತಿದ್ದರು. ಅವರಲ್ಲಿ ಹೆಂಗಸರೇ ಹೆಚ್ಚು. ಬದುಕಿ ಉಳಿದವರ ಮೇಲೆ ಅಕ್ರಮ ಪ್ರವೇಶದ ಆಪಾದನೆ ಹೊರಿಸಿ ಮರಳಿ ಕಳುಹಿಸಲಾಯಿತು.

ಒಂದೇ ಅಳಿವೆ, ಒಂದೇ ಬಗೆಯ ದೋಣಿ. ಒಬ್ಬನಿಗೆ ಅದು ರಜೆಯನ್ನು ಬೆಳೆಸುವ ಉಪಾಯ, ಇನ್ನೊಬ್ಬಳಿಗೆ ಮನೆಗೆ ಅಕ್ಕಿ ತರುವ ಕಡೆಯ ದಾರಿ. ಮುದ್ರೆಗಾಗಿ ಬಂದವರನ್ನು ನಾನು ನಿಂದಿಸಲಾರೆ. ಅವರು ಬರೆದ ನಿಯಮವನ್ನು ಅಕ್ಷರಶಃ ಪಾಲಿಸಿದರು. ಆದರೆ ನಿಜವಾಗಿ ದುಡಿಯಲು ಬಂದವರಿಗೆ ಮುಚ್ಚಿ, ಬಂದಂತೆ ನಟಿಸುವವರಿಗೆ ತೆರೆಯುವ ಬಾಗಿಲನ್ನು ನ್ಯಾಯವೆನ್ನಲು ಮನಸ್ಸು ಒಪ್ಪದು.

ಥಾಯ್ ಸರ್ಕಾರವೂ ಸುಮ್ಮನಿರಲಿಲ್ಲ. 2006ರಲ್ಲಿ ಮತ್ತು 2014ರಲ್ಲಿ ನಿಯಮಗಳನ್ನು ಬಿಗಿಗೊಳಿಸಿತು. 2016ರ ಕೊನೆಯಲ್ಲಿ, ವಿಮಾನದಿಂದಲ್ಲದೆ ಗಡಿಯಿಂದ ಬರುವವರಿಗೆ ವೀಸಾ ವಿನಾಯಿತಿ ವರ್ಷಕ್ಕೆ ಎರಡೇ ಸಲವೆಂದು ಗೊತ್ತುಪಡಿಸಿತು. 2020ರಲ್ಲಿ ಕೊರೋನಾ ಬಂದು ಗಡಿಯೇ ಮುಚ್ಚಿತು. ಮರುವರ್ಷ ಫೆಬ್ರವರಿಯಲ್ಲಿ ಬರ್ಮಾದ ಸೇನೆ ಅಧಿಕಾರವನ್ನು ಕಸಿದುಕೊಂಡಿತು. 2024ರ ಫೆಬ್ರವರಿಯಲ್ಲಿ ತರುಣ ತರುಣಿಯರಿಗೆ ಕಡ್ಡಾಯ ಸೈನ್ಯಸೇವೆಯ ಕಾಯಿದೆ ಜಾರಿಗೆ ಬಂದ ಮೇಲೆ, ಊರು ಬಿಟ್ಟು ಥೈಲ್ಯಾಂಡಿನ ಕಡೆಗೆ ಹೊರಟವರಲ್ಲಿ ಕೂಲಿಯ ಆಸೆಯವರ ಜೊತೆಗೆ ಕಾಲೇಜಿನ ಹುಡುಗರೂ ಸೇರಿಕೊಂಡರು.