ಸಿಡ್ನಿಯ ಆ 1507 ಆಸನಗಳು

ಹ್ಯಾಂಬರ್ಗ್ ಬಂದರಿನ ಬಾಕೆನ್‌ಹೊಫ್ಟ್ ದಂಡೆಯಲ್ಲಿ ಹೊಸ ಒಪೆರಾ ಭವನ ಬರಲಿದೆ. ಕ್ಯೂನೆ ಪ್ರತಿಷ್ಠಾನ 33 ಕೋಟಿ ಯೂರೊವರೆಗೆ ಕೊಡುತ್ತದೆ. ತಳಪಾಯ, ಪ್ರವಾಹ ತಡೆ ಮುಂತಾದವಕ್ಕೆ ನಗರದ ಪಾಲು 14.75 ಕೋಟಿ. ವಾಸ್ತುಶಿಲ್ಪಿ ಬಿಯಾರ್ಕೆ ಇಂಗೆಲ್ಸ್ ಅವರ ಸಂಸ್ಥೆ ಬರೆದ ನಕ್ಷೆಯಲ್ಲಿ ಚಾವಣಿಯೇ ಉದ್ಯಾನ, ಅಲೆಗಳಂತೆ ಹರಡಿದ ಮೆಟ್ಟಿಲು ಮೆಟ್ಟಿಲು. ಚಿತ್ರ ಚೆನ್ನಾಗಿದೆ. ಆದರೆ ಚಿತ್ರ ನೋಡಿ ಒಪ್ಪಿಗೆ ಕೊಡಬಾರದು. ರಂಗದ ಅಳತೆ ಮೊದಲು ಹೊರಬರಲಿ.

ಈಗ ನಡೆದಿರುವ ವಾದವೆಲ್ಲ ದುಡ್ಡಿನದು. ವಿರೋಧಿಗಳು ಅದೇ ಊರಿನ ಎಲ್ಬ್‌ಫಿಲ್‌ಹಾರ್ಮನಿ ಸಂಗೀತ ಭವನವನ್ನು ತೋರಿಸುತ್ತಾರೆ: ನಗರದ ಹೊರೆ 7.7 ಕೋಟಿ ಎಂದು ಶುರುವಾಗಿ 78.9 ಕೋಟಿ ಯೂರೊಗೆ ಮುಟ್ಟಿತು. ಪರವಾದವರ ಉತ್ತರ ಸಿಡ್ನಿಯ ಒಪೆರಾ ಭವನ: 70 ಲಕ್ಷ ಡಾಲರಿನ ಅಂದಾಜು 10.2 ಕೋಟಿಗೆ ಏರಿತು, ಈಗ ಅದನ್ನು ಯಾರು ಕೇಳುತ್ತಾರೆ? ಹೌದು, ಯಾರೂ ಕೇಳುವುದಿಲ್ಲ. ಆ ಸಾಲವನ್ನು ಬಹುಪಾಲು ಲಾಟರಿಯೇ ತೀರಿಸಿತು. ಅಲ್ಲಿ ತೀರದೆ ಉಳಿದ ಬಾಕಿಯೇ ಬೇರೆ.

ಸಿಡ್ನಿ ಒಪೆರಾ ಭವನದಲ್ಲಿ ಒಪೆರಾ ನಡೆಯುವುದು ದೊಡ್ಡ ಸಭಾಂಗಣದಲ್ಲಲ್ಲ. ಚಿಕ್ಕದರಲ್ಲಿ, 1507 ಆಸನಗಳ ರಂಗದಲ್ಲಿ. 1956ರ ಸ್ಪರ್ಧೆ ಕೇಳಿದ್ದು ಮೂರು ಸಾವಿರಕ್ಕೂ ಹೆಚ್ಚು ಜನ ಕೂರುವ, ಒಪೆರಾಕ್ಕೂ ಸಂಗೀತ ಕಛೇರಿಗೂ ಒದಗುವ ದೊಡ್ಡ ಸಭಾಂಗಣವನ್ನು. ಸ್ಪರ್ಧೆ ಗೆದ್ದ ವಾಸ್ತುಶಿಲ್ಪಿ ಯೋರ್ನ್ ಉಟ್ಸನ್ ಇಕ್ಕಟ್ಟಾದ ಬೆನೆಲಾಂಗ್ ಭೂಶಿರದ ಮೇಲೆ ಎರಡು ಸಭಾಂಗಣಗಳನ್ನು ಪಕ್ಕಪಕ್ಕದಲ್ಲಿಟ್ಟರು. ಹೊರಗಿನಿಂದ ಆ ಚಿಪ್ಪುಗಳ ಸೊಗಸು ಬಂದದ್ದು ಅದರಿಂದಲೇ. ಒಳಗೆ ವೇದಿಕೆಯ ಇಕ್ಕೆಲದ ವಿಂಗ್‌ಗಳಿಗೆ ಜಾಗ ಉಳಿಯಲಿಲ್ಲ. ರಂಗಸಜ್ಜಿಕೆಯನ್ನು ಕೆಳಗಿನಿಂದ ಲಿಫ್ಟಿನಲ್ಲಿ ಏರಿಸುವುದು ಅವರ ಉಪಾಯ. ಅದು ಬುದ್ಧಿವಂತ ಉಪಾಯವೇ ಆಗಿತ್ತು.

ಆದರೆ ಚಾವಣಿಯ ಲೆಕ್ಕ ಬಗೆಹರಿದದ್ದು 1961ರಲ್ಲಿ, ಕೆಲಸ ಶುರುವಾದದ್ದು ಅದಕ್ಕೂ ಮೊದಲೇ, 1959ರಲ್ಲಿ. ಕಟ್ಟಿಯಾಗಿದ್ದ ಕಂಬಗಳು ಭಾರ ತಾಳುವುದಿಲ್ಲವೆಂದು ಮತ್ತೆ ಕಟ್ಟಬೇಕಾಯಿತು. ಸರ್ಕಾರದೊಡನೆ ಜಗಳವಾಗಿ ಉಟ್ಸನ್ 1966ರಲ್ಲಿ ಹೊರನಡೆದರು. ಮರುವರ್ಷ ದೊಡ್ಡ ಸಭಾಂಗಣ ಕಛೇರಿಗೆ ಮಾತ್ರ ಎಂದು ತೀರ್ಮಾನವಾಗಿ, ಅಷ್ಟರಲ್ಲಿ ಅಳವಡಿಸಿದ್ದ ರಂಗಯಂತ್ರಗಳನ್ನು ಕಿತ್ತು ತೆಗೆದರು. ಒಪೆರಾ ಚಿಕ್ಕ ರಂಗಕ್ಕೆ ಹೋಯಿತು. ಅಲ್ಲಿ ವೇದಿಕೆಯ ಮುಂದಿನ ತಗ್ಗಾದ ಪಿಟ್‌ನಲ್ಲಿ ವಾದ್ಯವೃಂದದ ಕೆಲವರು ವೇದಿಕೆಯ ಚಾಚಿನ ಅಡಿಯಲ್ಲಿ ಕೂತು ನುಡಿಸಬೇಕು, ತಲೆಯ ಮೇಲೆಯೇ ಹಲಗೆ. ದೊಡ್ಡ ಒಪೆರಾಗಳ ವಾದ್ಯಸಂಖ್ಯೆಯೇ ಅಲ್ಲಿ ಸಮಸ್ಯೆ. ಕಛೇರಿ ಸಭಾಂಗಣವಾದರೂ ಸರಿಯಾಯಿತೇ? ಅದರ ನಾದದ ದೋಷ ತಿದ್ದಿ ಮತ್ತೆ ತೆರೆದದ್ದು 2022ರಲ್ಲಿ, 15 ಕೋಟಿ ಡಾಲರ್ ಖರ್ಚಿನಲ್ಲಿ.

ಕಟ್ಟಡ ಅದ್ಭುತ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ‘ಸಿಡ್ನಿಯನ್ನು ನೋಡಿ’ ಎನ್ನುವವರು ಕೊಲ್ಲಿಯ ಆಚೆ ದಡದಿಂದ ನೋಡುತ್ತಿದ್ದಾರೆ. ಅರ್ಧ ಶತಮಾನದಿಂದ ಆ ತಪ್ಪಿನ ಬಡ್ಡಿ ಕಟ್ಟುತ್ತಿರುವವರು ಹಾಡುವವರು, ನುಡಿಸುವವರು, ರಂಗಸಜ್ಜಿಕೆ ಎತ್ತುವವರು.

ಬಾಕೆನ್‌ಹೊಫ್ಟ್ ಕೂಡ ನೀರಿಗೆ ಚಾಚಿಕೊಂಡ ಜಾಗವೇ. ದಾನಿಯ ಹಣ ಬಂತೆಂದು ಜಾಗ ಅಗಲವಾಗುವುದಿಲ್ಲ. ಪಿಟ್ ಎಷ್ಟು ಜನರಿಗೆ, ವಿಂಗ್ ಎಷ್ಟು ಅಗಲ, ಲಾರಿಯಿಂದ ಇಳಿದ ರಂಗಸಜ್ಜಿಕೆ ಯಾವ ದಾರಿಯಲ್ಲಿ ವೇದಿಕೆಗೆ ಬರುತ್ತದೆ ಎಂಬುದನ್ನು ರಂಗದವರು ನೋಡಿ ಒಪ್ಪಿ ಸಹಿ ಹಾಕಲಿ. ಅಲ್ಲಿಯವರೆಗೆ ಒಂದು ಗುದ್ದಲಿಯೂ ನೆಲಕ್ಕೆ ಬೀಳಬಾರದು.